ಬತ್ತಿದ ಕಾರಂಜಿಯ ಮುಂದೆ ಒಂದು ಪ್ರಶ್ನೆ

ಆರ್.ಟಿ. ನಗರದಲ್ಲಾಗಲಿ, ಯಲಹಂಕ ಉಪನಗರದಲ್ಲಾಗಲಿ, ಸಂಜೆಯ ವಾಯುವಿಹಾರಕ್ಕೆಂದು ಬಡಾವಣೆಯ ಉದ್ಯಾನದೊಳಗೆ ಕಾಲಿಟ್ಟಾಗ ನೀವು ಒಂದು ಕಾರಂಜಿಯನ್ನು ಕಂಡಿರಬಹುದು. ಅದರ ತೊಟ್ಟಿಯಲ್ಲಿ ನೀರಿಗೆ ಬದಲಾಗಿ ಒಣಗಿದ ಎಲೆಗಳೂ ಕಡಲೆಕಾಯಿಯ ಸಿಪ್ಪೆಯೂ ತುಂಬಿರುತ್ತವೆ. ಕೊಳವೆಯ ಬಾಯಿ ತುಕ್ಕು ಹಿಡಿದಿರುತ್ತದೆ. ಅಂಚಿನ ಮೇಲೆ ಹಿರಿಯರೊಬ್ಬರು ಕುಳಿತು ದಣಿವಾರಿಸಿಕೊಳ್ಳುತ್ತಿರುತ್ತಾರೆ. ಆ ಕಾರಂಜಿಯನ್ನು ನಾಳೆ ಒಡೆದು ಹಾಕಿದರೂ ಯಾರೂ ದುಃಖಿಸುವುದಿಲ್ಲ. ನೀವೂ ದುಃಖಿಸುವುದಿಲ್ಲ, ನಾನೂ ಇಲ್ಲ.

ಆದರೆ ಅದೇ ಕಾರಂಜಿ ನೂರು ವರ್ಷ ಹಳೆಯದೆಂದು ಭಾವಿಸೋಣ. ಕಲ್ಲಿನಲ್ಲಿ ಕುಸುರಿ ಕೆಲಸವಿದೆ, ನಾಲ್ಕು ದಿಕ್ಕಿಗೂ ಪ್ರಾಣಿಗಳ ಮುಖಗಳಿವೆ, ಬುಡದಲ್ಲಿ ಮೃತರೊಬ್ಬರ ಹೆಸರಿದೆ. ಆ ಹೆಸರಿನವರು ಯಾರೆಂದು ನಮಗೆ ತಿಳಿಯದು. ಅವರ ವಂಶದವರು ಈ ಊರಿನಲ್ಲಿಲ್ಲ. ನೀರು ನಿಂತು ಎಷ್ಟೋ ಕಾಲವಾಗಿದೆ. ಈಗ ಅದನ್ನು ಒಡೆಯಲು ಬಂದರೆ ನಮ್ಮ ಮನಸ್ಸು ಒಪ್ಪುತ್ತದೆಯೇ? ಒಪ್ಪದಿದ್ದರೆ ಅದಕ್ಕೆ ಕಾರಣವೇನು? ನಾವು ಬೆಲೆ ಕಟ್ಟುತ್ತಿರುವುದು ಕಲ್ಲಿಗೋ, ಕೆತ್ತನೆಗೋ, ವಯಸ್ಸಿಗೋ, ಎಂದೂ ಕಾಣದ ಆ ಮೃತರಿಗೋ? 'ಪರಂಪರೆ' ಎಂಬ ಮಾತನ್ನು ಇಂದು ಎಲ್ಲರೂ ಬಳಸುತ್ತಾರೆ. ಆ ಮಾತಿನೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ. ನಮಗೆ ಪರಿಚಯವೇ ಇಲ್ಲದ ಮೃತರಿಗೆ ನಾವು ಏನನ್ನಾದರೂ ಸಲ್ಲಿಸಬೇಕಾಗಿದೆಯೇ?

ಇಂಥದೊಂದು ಕಾರಂಜಿ ಮುಂಬಯಿಯ ಕೋಟೆ ಪ್ರದೇಶದಲ್ಲಿದೆ. ರತನ್‌ಸೀ ಮೂಲ್‌ಜೀ ಎಂಬ ಹತ್ತಿ ವ್ಯಾಪಾರಿ ಅದನ್ನು 1894ರಲ್ಲಿ ಕಟ್ಟಿಸಿದರು. ಅವರ ಮಗ ಧರಮ್‌ಸೀ 1889ರಲ್ಲಿ, ಹದಿನೈದು ವರ್ಷದ ಬಾಲಕನಾಗಿದ್ದಾಗ, ತೀರಿಕೊಂಡಿದ್ದ. ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣವನ್ನು ರೂಪಿಸಿದ ಎಫ್.ಡಬ್ಲ್ಯು. ಸ್ಟೀವನ್ಸ್ ಅವರೇ ಈ ಕಾರಂಜಿಯನ್ನೂ ವಿನ್ಯಾಸಗೊಳಿಸಿದರು. ಅದರ ಶಿಲ್ಪಕಾರ್ಯದಲ್ಲಿ ಜೆ.ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ಅವರ ಕೈವಾಡವಿದೆ. ಆನೆಗಳ ತಲೆಗಳು, ಬಣ್ಣಬಣ್ಣದ ಕಲ್ಲುಗಳು, ಸಣ್ಣಸಣ್ಣ ಕಂಬಗಳು ಎಲ್ಲವೂ ಅಲ್ಲಿವೆ. ಎಲ್ಲಕ್ಕಿಂತ ಮೇಲೆ, ತುತ್ತತುದಿಯಲ್ಲಿ, ಪುಸ್ತಕ ಹಿಡಿದ ಒಬ್ಬ ಹುಡುಗನ ಪ್ರತಿಮೆಯಿದೆ. ಓದು ಮುಗಿಸುವ ಮೊದಲೇ ಹೊರಟುಹೋದ ಮಗನನ್ನು ತಂದೆ ಅಲ್ಲಿ ಓದುತ್ತಲೇ ಇರುವಂತೆ ನಿಲ್ಲಿಸಿದ್ದಾರೆ. ಬಹುಕಾಲ ಸೊರಗಿದ್ದ ಈ ಕಾರಂಜಿಯನ್ನು 2017ರ ಸುಮಾರಿಗೆ ಜೀರ್ಣೋದ್ಧಾರ ಮಾಡಲಾಯಿತು.

ನಮ್ಮ ಕರಾವಳಿಯಿಂದ ಮುಂಬಯಿಗೆ ಹೋದ ಎಷ್ಟೋ ಹುಡುಗರು ಕೋಟೆ ಪ್ರದೇಶದ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿ ಓದಿದವರು. ಅವರಲ್ಲಿ ಕೆಲವರಾದರೂ ಆ ಕಲ್ಲಿನ ಹುಡುಗನ ಕೆಳಗೆ ಹಾದುಹೋಗಿರಲೇಬೇಕು. ಅವನು ಯಾರೆಂದು ಅವರಿಗೆ ತಿಳಿದಿರಲಿಕ್ಕಿಲ್ಲ. ಆದರೂ ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ನಡೆಯುವ ಹುಡುಗನಿಗೆ ಪುಸ್ತಕ ಹಿಡಿದ ಹುಡುಗನ ಪ್ರತಿಮೆ ಕೇವಲ ಕಲ್ಲಾಗಿ ಕಾಣುವುದಿಲ್ಲ. ಸ್ಮಾರಕದ ಮೊದಲ ಗುಣ ಇದೇ ಎಂದು ನನಗನ್ನಿಸುತ್ತದೆ. ಒಬ್ಬರ ದುಃಖಕ್ಕಾಗಿ ಅದು ಹುಟ್ಟುತ್ತದೆ, ಆದರೆ ಆ ಒಬ್ಬರಲ್ಲಿಯೇ ನಿಲ್ಲುವುದಿಲ್ಲ.

ಇಲ್ಲಿ ನೀವು ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಲೇಬೇಕು. ಹಣವುಳ್ಳ ತಂದೆಗೆ ಕಲ್ಲಿನಲ್ಲಿ ಅಳುವ ಸಾಮರ್ಥ್ಯವಿತ್ತು. ಕಾರಂಜಿ ಎದ್ದುನಿಂತ ಎರಡೇ ವರ್ಷಗಳಲ್ಲಿ, 1896ರಲ್ಲಿ, ಮುಂಬಯಿಗೆ ಪ್ಲೇಗು ಬಂದಿತು. 1898ರಲ್ಲಿ ಅದು ಬೆಂಗಳೂರಿಗೂ ಕಾಲಿಟ್ಟಿತು. ಆ ದಿನಗಳಲ್ಲಿ ಸತ್ತ ಬಡವರ ಮಕ್ಕಳಿಗೆ ಯಾವ ಕಾರಂಜಿಯಿದೆ? ಅವರ ತಂದೆಯರ ಸಂಕಟವೇನು ಕಡಿಮೆಯದೇ? ಅಲಂಕೃತ ಸ್ಮಾರಕಗಳನ್ನು ಮಾತ್ರ ಪರಂಪರೆ ಎಂದು ಕರೆದು ಕಾಪಾಡಿದರೆ, ಬದುಕಿದ್ದಾಗ ಇದ್ದ ಅಂತಸ್ತಿನ ಭೇದವನ್ನು ಸಾವಿನ ನಂತರವೂ ನಾವು ಮುಂದುವರಿಸಿದಂತಾಗುವುದಿಲ್ಲವೇ?

ಈ ಆಕ್ಷೇಪಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಹೆಬ್ಬಾಳಕ್ಕೆ ಬಂದರೆ ಸಾಕು. ಇಂದು ಹೆಬ್ಬಾಳವೆಂದರೆ ನಮಗೆಲ್ಲ ಮೇಲ್ಸೇತುವೆ, ವಿಮಾನ ನಿಲ್ದಾಣದ ರಸ್ತೆ, ಮುಗಿಯದ ವಾಹನಗಳ ಸಾಲು. ಆದರೆ ಕ್ರಿ.ಶ. 750ರ ಸುಮಾರಿನಲ್ಲಿ, ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ಈ ಸೀಮೆಗೆ ಪೆರ್ಬೊಳಲ್ ನಾಡು ಎಂಬ ಹೆಸರಿತ್ತು. ರಾಷ್ಟ್ರಕೂಟರ ಕಡೆಯವರು ದಾಳಿ ಮಾಡಿದಾಗ ಕಿತ್ತಯ್ಯ ಎಂಬ ಒಬ್ಬ ವ್ಯಕ್ತಿ ನಾಡನ್ನು ಕಾಯುತ್ತ ಹೋರಾಡಿ ಮಡಿದ. ಅವನಿಗಾಗಿ ಒಂದು ವೀರಗಲ್ಲನ್ನು ನೆಟ್ಟರು. ಬೆಂಗಳೂರಿನಲ್ಲಿ ಈವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಹೇಳುತ್ತಾರೆ. 'ಬೆಂಗಳೂರು' ಎಂಬ ಹೆಸರನ್ನು ಹೊತ್ತ ಬೇಗೂರಿನ ವೀರಗಲ್ಲು ಕೂಡ ಇದಕ್ಕಿಂತ ಸುಮಾರು ಒಂದೂವರೆ ಶತಮಾನದಷ್ಟು ಈಚಿನದು.

ಈ ಕಲ್ಲು ಬಹುಕಾಲ ಯಾರ ಗಮನಕ್ಕೂ ಬಾರದೆ ಇತ್ತು. 2018ರಲ್ಲಿ, ನಗರದ ಶಾಸನಗಳನ್ನು ಹುಡುಕಿ ಉಳಿಸುವ ಕೆಲವು ಉತ್ಸಾಹಿಗಳ ಪ್ರಯತ್ನದಿಂದ ಅದರ ಮಹತ್ವ ಬೆಳಕಿಗೆ ಬಂದಿತು. ಬಳಿಕ ಸ್ಥಳೀಯರೂ ಆಸಕ್ತರೂ ಕೂಡಿ ಅದಕ್ಕೊಂದು ಮಂಟಪವನ್ನು ಕಟ್ಟಿದರು. ಯೋಚಿಸಿ ನೋಡಿ. ಕಿತ್ತಯ್ಯ ದೊರೆಯಲ್ಲ. ಸಾಮ್ರಾಜ್ಯ ಕಟ್ಟಿದವನಲ್ಲ. ಅವನ ಮುಖ ಹೇಗಿತ್ತೆಂದು ಯಾರಿಗೂ ತಿಳಿಯದು. ಮುಂಬಯಿಯ ಕಾರಂಜಿಯ ಕುಸುರಿ ಕೆಲಸ ಇಲ್ಲಿಲ್ಲ. ಆದರೂ ಸುಮಾರು ಸಾವಿರದ ಇನ್ನೂರೆಪ್ಪತ್ತು ವರ್ಷಗಳ ನಂತರ, ಅವನ ಮಾತನ್ನು ಪೂರ್ತಿಯಾಗಿ ಅರ್ಥಮಾಡಿಕೊಳ್ಳಲಾಗದ ಜನ ಅವನ ಕಲ್ಲಿನ ಮೇಲೆ ಒಂದು ನೆರಳು ಕಟ್ಟಿದರು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪರಂಪರೆಯ ಬೆಲೆ ಅಲಂಕಾರದ ಬೆಲೆಯಲ್ಲ. ಬಡವನ ಒರಟು ಕಲ್ಲಿಗೂ ಶ್ರೀಮಂತನ ಕೆತ್ತನೆಯ ಕಲ್ಲಿಗೂ ನಮ್ಮ ಮೇಲೆ ಒಂದೇ ಬಗೆಯ ಹಕ್ಕಿದೆ. ಆದುದರಿಂದ ಆ ಆಕ್ಷೇಪದ ಪರಿಹಾರವಿರುವುದು ಅಲಂಕೃತವಾದುದನ್ನು ಒಡೆಯುವುದರಲ್ಲಲ್ಲ, ಅಲಂಕಾರವಿಲ್ಲದುದನ್ನೂ ಹುಡುಕಿ ಕಾಪಾಡುವುದರಲ್ಲಿ.

ಆದರೆ ಸ್ಮಾರಕವೊಂದು ನಮ್ಮನ್ನು ನೋಯಿಸಿದರೆ? ನಮ್ಮನ್ನು ಸೋಲಿಸಿದವರ ಹೆಸರನ್ನು ಅದು ಹೊತ್ತಿದ್ದರೆ? ಬೆಂಗಳೂರು ಈ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಉತ್ತರ ಕೊಟ್ಟಿದೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರನ್ನು ಮುತ್ತಿದಾಗ ಮಡಿದ ಕಂಪೆನಿಯ ಕಡೆಯವರಿಗಾಗಿ ಹಡ್ಸನ್ ವೃತ್ತದ ಬಳಿ ಒಂದು ಸ್ಮಾರಕ ಸ್ತಂಭವಿತ್ತು. ಅದನ್ನು 1964ರಲ್ಲಿ ಕೆಡವಲಾಯಿತು. ಮಾರ್ಕ್ ಕಬ್ಬನ್ ಅವರ ಪ್ರತಿಮೆ ಅಠಾರಾ ಕಚೇರಿಯ ಆವರಣದಲ್ಲಿ ಬಹುಕಾಲ ನಿಂತಿತ್ತು. 2020ರಲ್ಲಿ ಅದನ್ನು ಒಡೆಯದೆ ಉದ್ಯಾನದೊಳಕ್ಕೆ ಸ್ಥಳಾಂತರಿಸಿದರು. 1906ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ರಾಣಿಯ ಪ್ರತಿಮೆಯಾದರೋ ಇಂದಿಗೂ ಮೊದಲಿನ ಜಾಗದಲ್ಲಿಯೇ ಇದೆ. ಒಂದನ್ನು ಕೆಡವಿದೆವು, ಒಂದನ್ನು ಸರಿಸಿದೆವು, ಒಂದನ್ನು ಹಾಗೆಯೇ ಬಿಟ್ಟೆವು.

ಇವುಗಳಲ್ಲಿ ಯಾವುದು ಸರಿ? ಕೆಡವಿದವರ ನೋವನ್ನು ನಾನು ಹಗುರವಾಗಿ ಕಾಣಲಾರೆ. ಸ್ವಾತಂತ್ರ್ಯ ಬಂದು ಇನ್ನೂ ಎರಡು ದಶಕ ಕಳೆದಿರದ ಕಾಲ ಅದು. ಪರರ ವಿಜಯಸ್ತಂಭದ ನೆರಳಿನಲ್ಲಿ ನಿತ್ಯವೂ ನಡೆಯುವುದು ಸ್ವಾಭಿಮಾನಿಗೆ ಸುಲಭವಲ್ಲ. ಆದರೂ ಕೆಡವಿದ ಮೇಲೆ ಉಳಿಯುವುದೇನು? ಮುತ್ತಿಗೆ ನಡೆದುದು ಸುಳ್ಳಾಗುವುದಿಲ್ಲ. ಅದನ್ನು ನೆನಪಿಸುತ್ತಿದ್ದ ಸಾಕ್ಷಿಯೊಂದು ಇಲ್ಲವಾಗುತ್ತದೆ, ಅಷ್ಟೇ. ಸ್ಮಾರಕವನ್ನು ಉಳಿಸುವುದು ಬೇರೆ, ಅದನ್ನು ಗೌರವಿಸುವುದು ಬೇರೆ. ಪ್ರತಿಮೆಯ ಪಕ್ಕದಲ್ಲಿ ಸತ್ಯವನ್ನು ಹೇಳುವ ಒಂದು ಫಲಕವನ್ನು ನೆಟ್ಟು, ಮುಂದಿನ ಪೀಳಿಗೆ ತಾನೇ ತೀರ್ಪು ಕೊಡಲೆಂದು ಬಿಡುವ ಧೈರ್ಯವೂ ಒಂದು ಬಗೆಯ ಸ್ವಾಭಿಮಾನವೇ ಅಲ್ಲವೇ?

ಇನ್ನು ದುಂದುವೆಚ್ಚದ ಪ್ರಶ್ನೆ. ಇದು ಹಳೆಯ ಪ್ರಶ್ನೆ. ಬೆಥಾನಿಯದ ಮನೆಯೊಂದರಲ್ಲಿ ಸ್ತ್ರೀಯೊಬ್ಬಳು ಬೆಲೆಬಾಳುವ ಪರಿಮಳ ತೈಲವನ್ನು ಸುರಿದಾಗ, ಅಲ್ಲಿದ್ದ ಕೆಲವರು ಅದನ್ನು ಮಾರಿ ಬಡವರಿಗೆ ಹಂಚಬಹುದಿತ್ತಲ್ಲ ಎಂದು ಗೊಣಗಿದ ಪ್ರಸಂಗ ನಿಮಗೆ ತಿಳಿದೇ ಇದೆ. ಅವರ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಪ್ರೀತಿಗೆ ಲೆಕ್ಕವನ್ನು ಮೀರುವ ಒಂದು ಗಳಿಗೆ ಇರುತ್ತದೆ ಎಂಬುದನ್ನು ಅವರು ಕಾಣಲಿಲ್ಲ. ಕುಸುರಿ ಕೆತ್ತನೆಯೂ ಹಾಗೆಯೇ. ಬಾಯಾರಿದವನಿಗೆ ನೀರು ಕೊಡಲು ಒಂದು ಕೊಳವೆ ಸಾಕು, ಆನೆಯ ತಲೆ ಬೇಕಾಗಿಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ಕೊಟ್ಟ ಆ ಭಾಗವೇ ಕೊಟ್ಟವರ ಹೃದಯವನ್ನು ತೋರಿಸುತ್ತದೆ.

ಈ ಮಾತನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಹಲವು ವರ್ಷಗಳ ಹಿಂದೆ ನಮ್ಮ ತಾಯಿ ತೀರಿಕೊಂಡಾಗ ಸಮಾಧಿಯ ಮೇಲೆ ಹೂಬಳ್ಳಿಯನ್ನು ಕೆತ್ತಿದ ಕಲ್ಲನ್ನು ಹಾಕಿಸಬೇಕೆಂದು ಅಣ್ಣ ಹೇಳಿದ. ನಾನು ಒಪ್ಪಲಿಲ್ಲ. "ಅಣ್ಣಾ, ಅಮ್ಮ ಮನೆಗೆಲಸಕ್ಕೆ ಬರುತ್ತಿದ್ದವಳ ಮಗಳನ್ನು ಓದಿಸಬೇಕೆಂದಿದ್ದಳು, ಆ ಹಣವನ್ನು ಅವಳ ಶುಲ್ಕಕ್ಕೆ ಕೊಡೋಣ" ಎಂದೆ. ಮಾತಿಗೆ ಮಾತು ಬೆಳೆಯಿತು. "ನಿನಗೆ ಎಲ್ಲವೂ ಲೆಕ್ಕ" ಎಂದು ಅಣ್ಣ ಎದ್ದುಹೋದ. ಕೆಲವು ತಿಂಗಳು ನಮ್ಮಿಬ್ಬರ ನಡುವೆ ಸರಿಯಾಗಿ ಮಾತಿರಲಿಲ್ಲ. ಕೊನೆಗೆ ಅವನು ಕಲ್ಲನ್ನೂ ಹಾಕಿಸಿದ. ಆ ಹುಡುಗಿಯ ಶುಲ್ಕವನ್ನೂ ಯಾರಿಗೂ ಹೇಳದೆ ಕಟ್ಟುತ್ತಿದ್ದನೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಲೆಕ್ಕದ ಮಾತಾಡಿದ ನಾನು ಕೊಟ್ಟದ್ದು ಅವನು ಕೊಟ್ಟದ್ದಕ್ಕಿಂತ ಕಡಿಮೆ. ಇಂದು ಸಮಾಧಿಯ ಬಳಿ ನಿಂತಾಗ ಆ ಹೂಬಳ್ಳಿಯ ಮೇಲೆ ಬೆರಳಾಡಿಸದೆ ನಾನು ಹಿಂದಿರುಗಿದ್ದಿಲ್ಲ. ಬಡವರ ಹೆಸರು ಹೇಳಿ ಅಲಂಕಾರವನ್ನು ಹಳಿಯುವವರು ಬಡವರಿಗೆ ನಿಜವಾಗಿಯೂ ಎಷ್ಟು ಕೊಟ್ಟಿದ್ದೇವೆಂದು ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳಬೇಕೆಂದು ಅಂದಿನಿಂದ ನನಗೆ ತೋರುತ್ತಿದೆ.

ಹಾಗೆಂದು ಬಡವರ ಪ್ರಶ್ನೆ ಮುಗಿದುಹೋಯಿತೇ? ಇಲ್ಲ. ಅದು ನೀರಿನ ರೂಪದಲ್ಲಿ ನಮ್ಮೆದುರಿಗೆ ಮತ್ತೆ ಬಂದಿದೆ. 2024ರ ಬೇಸಿಗೆಯನ್ನು ನೀವು ಮರೆತಿರಲಾರಿರಿ. ಕೊಳವೆಬಾವಿಗಳು ಬತ್ತಿದವು, ಟ್ಯಾಂಕರ್ ನೀರಿನ ಬೆಲೆ ಏರಿತು, ಬಿಂದಿಗೆಗಳ ಸಾಲು ಬೀದಿಗೆ ಬಂತು. ಆ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ನಿರ್ಮಾಣಕ್ಕೆ ಮತ್ತು ಅಲಂಕಾರಿಕ ಕಾರಂಜಿಗಳಿಗೆ ಬಳಸಬಾರದೆಂದು ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಅಂದು ಯಾರಾದರೂ ಪರಂಪರೆಯ ಹೆಸರಿನಲ್ಲಿ ಕಾರಂಜಿಯನ್ನು ಚಿಮ್ಮಿಸಬೇಕೆಂದು ವಾದಿಸಿದ್ದರೆ ಅದು ನ್ಯಾಯವಾಗುತ್ತಿತ್ತೇ?

ಇಲ್ಲಿಯೇ ಸ್ಮಾರಕದ ಅಂಗ ಯಾವುದು, ಆತ್ಮ ಯಾವುದು ಎಂದು ವಿವೇಚಿಸಬೇಕಾಗುತ್ತದೆ. ನಮ್ಮ ನಾಡಿನಲ್ಲಿ ಮೃತರನ್ನು ನೀರಿನ ಮೂಲಕ ನೆನೆಯುವ ರೂಢಿ ಬಹಳ ಹಳೆಯದು. ಬೇಸಿಗೆಯಲ್ಲಿ ದಾರಿಯ ಪಕ್ಕದಲ್ಲಿ ಅರವಟ್ಟಿಗೆಯಿಟ್ಟು ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುತ್ತಿದ್ದರು. ಕೆರೆ ಕಟ್ಟಿಸಿದವರ ಹೆಸರನ್ನು ಕಲ್ಲಿನಲ್ಲಿ ಬರೆಸುತ್ತಿದ್ದರು. ಯಲಹಂಕದ ಆಚೆಗಿರುವ ಹೆಸರಘಟ್ಟದಿಂದ ಬೆಂಗಳೂರಿಗೆ ಮೊದಲ ಬಾರಿಗೆ ಕೊಳವೆಯ ನೀರು ಬಂದದ್ದು 1890ರ ದಶಕದಲ್ಲಿ. 1894ರಲ್ಲಿ ತೀರಿಕೊಂಡ ಚಾಮರಾಜೇಂದ್ರ ಒಡೆಯರ ಹೆಸರು ಆ ಯೋಜನೆಗೆ ಇದೆ. ಅರ್ಕಾವತಿಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಹರಿದು, ಸೋಲದೇವನಹಳ್ಳಿಯಲ್ಲಿ ಯಂತ್ರಗಳಿಂದ ಮೇಲೇರಿ, ಊರಿನ ನಲ್ಲಿಗಳಿಗೆ ಬಂತು. ಆ ನಲ್ಲಿಯ ಕೆಳಗೆ ಕೊಡವಿಟ್ಟ ಹೆಂಗಸಿಗೆ ದೊರೆಯ ಹೆಸರು ನೆನಪಾಗದೆ ಇರಬಹುದು. ನೀರು ಮಾತ್ರ ಅವಳ ಮನೆಯನ್ನು ಮುಟ್ಟಿತು.

ಕಾರಂಜಿಯ ರೂಪ ನಮಗೆ ಹೊರಗಿನಿಂದ ಬಂದಿರಬಹುದು. ಆದರೆ ಮೃತರ ನೆನಪಿಗೆ ನೀರು ಕೊಡುವ ಆಶಯ ನಮ್ಮದೇ. ಆ ಆಶಯವೇ ಸ್ಮಾರಕದ ಆತ್ಮ. ಕಲ್ಲು, ಕೆತ್ತನೆ, ಚಿಮ್ಮುವ ಧಾರೆ ಇವೆಲ್ಲ ಅಂಗಗಳು. ಅಂಗವನ್ನು ಮೆರೆಸಿ ಆತ್ಮವನ್ನು ಮರೆತರೆ ಸ್ಮಾರಕವೇ ತನ್ನ ದಾನಿಗೆ ದ್ರೋಹ ಮಾಡಿದಂತಾಗುತ್ತದೆ. ನೆರೆಯವರು ಬಿಂದಿಗೆ ಹಿಡಿದು ನಿಂತಿರುವ ವರ್ಷ ಕುಡಿಯುವ ನೀರನ್ನು ಆಕಾಶಕ್ಕೆ ಚಿಮ್ಮಿಸುವ ಕಾರಂಜಿಗಿಂತ, ಬತ್ತಿ ಮೌನವಾಗಿ ನಿಂತ ಕಾರಂಜಿಯೇ ತನ್ನನ್ನು ಕಟ್ಟಿಸಿದವರ ಮಾತನ್ನು ಉಳಿಸಿಕೊಂಡಿದೆ. ಆ ವರ್ಷ ಅದರ ಮೌನವೂ ಒಂದು ದಾನವೇ.

ಆದರೆ ಬತ್ತಿದ ಕಾರಂಜಿಯನ್ನು ನಿರುಪಯುಕ್ತವೆಂದು ಕಿತ್ತೆಸೆಯುವುದೂ ಅಷ್ಟೇ ದೊಡ್ಡ ಅವಿವೇಕ. ಬರದ ವರ್ಷಕ್ಕೆ ಕೆರೆ ಬತ್ತಿತೆಂದು ಕೆರೆಯ ಏರಿಯನ್ನೇ ಒಡೆದವರು ಮುಂದಿನ ಮಳೆಗೆ ಏನು ಮಾಡಿಯಾರು? ನಮ್ಮ ಉತ್ತರ ಬೆಂಗಳೂರಿನ ಎಷ್ಟೋ ಕೆರೆಗಳಿಗೆ ನಾವು ಮಾಡಿದ್ದು ಅದನ್ನೇ. ಉಳಿದ ಕೆರೆಗಳಲ್ಲಿ ಜಕ್ಕೂರಿನದು ಒಂದು ಪಾಠ ಹೇಳುತ್ತದೆ. ಅಲ್ಲಿ ಶುದ್ಧೀಕರಿಸಿದ ಬಳಕೆಯ ನೀರು ಜೌಗುನೆಲದ ಮೂಲಕ ಹಾದು ಕೆರೆಯನ್ನು ಸೇರುತ್ತದೆ, ಸುತ್ತಲಿನ ಬಾವಿಗಳಿಗೂ ಅದರಿಂದ ಆಸರೆಯಾಗಿದೆ. ಮನೆಮನೆಯಿಂದ ಹೊರಹೋದ ನೀರೇ ಕೆರೆಯನ್ನು ತುಂಬಬಲ್ಲದಾದರೆ, ಕಾರಂಜಿಯೊಂದನ್ನು ಮತ್ತೆ ಜೀವಂತಗೊಳಿಸುವುದು ಅಸಾಧ್ಯವೇನಲ್ಲ. ಬೇಕಾದದ್ದು ಸ್ವಲ್ಪ ತಾಳ್ಮೆ, ಸ್ವಲ್ಪ ವಿವೇಕ.

ಹಾಗಾದರೆ, ಓದುಗರೇ, ಮೊದಲ ಪ್ರಶ್ನೆಗೆ ಹಿಂದಿರುಗೋಣ. ಪರಿಚಯವಿಲ್ಲದ ಮೃತರಿಗೆ ನಾವು ಏನನ್ನು ಸಲ್ಲಿಸಬೇಕು? ಪೂಜೆಯನ್ನಲ್ಲ, ಹೊಗಳಿಕೆಯನ್ನೂ ಅಲ್ಲ. ಅವರು ನಮಗೆ ಬಿಟ್ಟುಹೋದುದನ್ನು ನಾವು ಕೊಂಡುಕೊಂಡಿಲ್ಲ, ಬೇಡಿಯೂ ಇಲ್ಲ. ಅದು ನಮ್ಮ ಕೈಗೆ ಬಂದ ಒತ್ತೆ. ಒತ್ತೆಯ ವಸ್ತುವನ್ನು ಮಾರುವ ಹಕ್ಕು ನಮಗಿಲ್ಲ, ಹಾಳುಗೆಡಹುವ ಹಕ್ಕೂ ಇಲ್ಲ. ಮುಂದಿನವರ ಕೈಗೆ ಒಪ್ಪಿಸುವ ಹೊಣೆ ಮಾತ್ರ ಇದೆ. ಪರಂಪರೆಯನ್ನು ಆಸ್ತಿಯೆಂದು ತಿಳಿದಾಗ ನಾವು ಅದರ ಬೆಲೆಯನ್ನು ಕೇಳುತ್ತೇವೆ. ಋಣವೆಂದು ತಿಳಿದಾಗ ಅದನ್ನು ಹೇಗೆ ತೀರಿಸುವುದೆಂದು ಕೇಳುತ್ತೇವೆ.

ತೀರಿಸುವ ದಾರಿಗಳು ದೊಡ್ಡವಲ್ಲ. ನಿಮ್ಮ ಬಡಾವಣೆಯಲ್ಲಿ ಹಳೆಯ ಕಲ್ಲೊಂದು ಚರಂಡಿಯ ಪಕ್ಕ ಬಿದ್ದಿದ್ದರೆ ಅದರ ಮೇಲೆ ಅಕ್ಷರವಿದೆಯೇ ಎಂದು ನೋಡಿ, ತಿಳಿದವರಿಗೆ ತಿಳಿಸಿ. ಉದ್ಯಾನದ ಸ್ಮಾರಕದ ಮೇಲಿನ ಹೆಸರನ್ನು ಒಮ್ಮೆಯಾದರೂ ನಿಮ್ಮ ಮಕ್ಕಳಿಗೆ ಓದಿ ಹೇಳಿ. ಕಾರಂಜಿಯಲ್ಲಿ ನೀರಿಲ್ಲದಿದ್ದರೆ ಅದರ ಪಕ್ಕದಲ್ಲಿ ಬೇಸಿಗೆಗೊಂದು ಮಣ್ಣಿನ ಹರವಿಯಲ್ಲಿ ತಣ್ಣೀರಿಡಿ. ಬೀದಿ ಗುಡಿಸುವವರು, ಮನೆಮನೆಗೆ ಸಾಮಾನು ತಲುಪಿಸುವ ಹುಡುಗರು ಕುಡಿಯಲಿ. ಕಲ್ಲಿನ ಮೇಲೆ ಹೆಸರಿರುವ ಆ ಅಪರಿಚಿತರು ಬದುಕಿದ್ದರೆ, ತಮ್ಮ ಕೆತ್ತನೆಯನ್ನು ಹೊಗಳುವವರನ್ನು ನೋಡಿ ಸಂತೋಷಪಡುವುದಕ್ಕಿಂತ ಹೆಚ್ಚಾಗಿ, ತಮ್ಮ ಹೆಸರಿನ ಬಳಿ ಒಬ್ಬ ದಣಿದವನು ನೀರು ಕುಡಿದು ಬಾಯಿ ಒರೆಸಿಕೊಳ್ಳುವುದನ್ನು ನೋಡಿ ಸಂತೋಷಪಡುತ್ತಿದ್ದರು.

ನಾಳೆ ಸಂಜೆ ಉದ್ಯಾನಕ್ಕೆ ಹೋದಾಗ ಆ ಬತ್ತಿದ ತೊಟ್ಟಿಯೊಳಗಿನ ಎಲೆಗಳನ್ನು ಒಂದಷ್ಟು ಬಾಚಿ ತೆಗೆಯಿರಿ. ನಾನೂ ನಮ್ಮ ಬೀದಿಯ ಉದ್ಯಾನದಲ್ಲಿ ಅದನ್ನೇ ಮಾಡುವವನಿದ್ದೇನೆ.